ತೀರ್ಪಿನ ಕನ್ನಡ

ಬಾಲರಾಜ ಅರಸು ರಸ್ತೆ, ಕೋರ್ಟಿನ ಕಾಂಪೌಂಡು,
ಛಾಪಾಕಾಗದದ ಅಂಗಡಿಗೂ ಟೀ ಗಾಡಿಗೂ ನಡುವೆ
ನನ್ನ ಮೇಜು. ಪುಟಕ್ಕೆ ಇಪ್ಪತ್ತು ರೂಪಾಯಿ.
ಜೀವನಾಂಶ, ಪಾಲುಪಟ್ಟಿ, ಚೆಕ್ ಬೌನ್ಸು.
ಅಳುವವರ ಮಾತನ್ನು ಅಳದ ಭಾಷೆಗೆ ತಿರುಗಿಸುವುದು
ಇಪ್ಪತ್ತಾರು ವರ್ಷದ ಕಸುಬು.

ಹುಚ್ರಾಯಪ್ಪ ಬಂದಾಗ ಹನ್ನೊಂದೂಕಾಲು.
ಅಂಗಿಯೊಳಗಿಂದ ಪ್ಲಾಸ್ಟಿಕ್ ಕವರು ತೆಗೆದ,
ಒಳಗೆ ಹನ್ನೊಂದು ಪುಟ, ಹೈಕೋರ್ಟಿನದು.
"ಗೆದ್ವಿ ಅಂದ್ರು ವಕೀಲ್ರು, ಫೋನಲ್ಲಿ.
ಏನ್ ಗೆದ್ದಿದ್ದು ಅಂತ
ಸ್ವಲ್ಪ ಕನ್ನಡದಲ್ಲಿ ಹೇಳಿ ಫಿಲೋಮಿನಕ್ಕ."

ಸ್ಟ್ಯಾಂಡಿನವರಿಗೆಲ್ಲ ಗೊತ್ತಿರುವ ಕತೆ:
ಆಟೋದ ಬೆನ್ನಿಗೆ ಒಂದು ಮಾತು ಬರೆಸಿದ್ದ.
ಹೊಂಡಕ್ಕೂ ಹೆಸರಿಡಿ ಸ್ವಾಮಿ,
ಉದ್ಘಾಟನೆಗೆ ಹೇಗೂ ಬರ್ತೀರಲ್ಲ.
ಸವಳಂಗ ರಸ್ತೆಯಲ್ಲಿ, ಹಿಂದೆ ಬಂದ ಕಾರಿನೊಳಗೆ
ಯಾರೋ ಓದಿದರು. ಓದಿದವರು ನಗಲಿಲ್ಲ.
ಸಂಜೆಗೆ ಮೂರು ಕಲಮು, ಇಬ್ಬರು ಪಂಚರು,
ಆಟೋ ಠಾಣೆಯ ಹಿತ್ತಿಲಿಗೆ.

ಮೊದಲ ಪುಟ ಬರೀ ನಂಬರು.
ಎರಡನೆಯದರಲ್ಲಿ ಅವನು ಅರ್ಜಿದಾರ.
ಆ ಪದ ಕೇಳಿ ಕಾಲರು ಸರಿಮಾಡಿಕೊಂಡ.
ನಾಲ್ಕನೆಯದರಲ್ಲಿ ಹತ್ತೊಂಬತ್ತು, ಒಂದು, ಎ.
"ಅದೇನಕ್ಕ, ಸಿಟಿ ಬಸ್ಸಿನ ನಂಬರ್ ಥರ?"
ನಿನ್ನ ಬಾಯಿ ನಿನ್ನದು ಅಂತ, ಅಂದೆ.
"ಅಷ್ಟು ಹೇಳೋಕೆ ಇಷ್ಟು ಪುಟವಾ?"

ಐದನೆಯದರಲ್ಲಿ ಸಮಂಜಸ ನಿರ್ಬಂಧ.
ಸಾವಿರ ಸಲ ಟೈಪು ಮಾಡಿದ್ದೇನೆ ಆ ಪದ,
ಅರ್ಥ ಯಾರೂ ಕೇಳಿರಲಿಲ್ಲ.
ಬ್ರೇಕು, ಅಂದೆ ಕೊನೆಗೆ. ಬ್ರೇಕು ಅವನಿಗೆ ಗೊತ್ತು.
"ಇರಲಿ ಅಕ್ಕ, ಬ್ರೇಕಿಲ್ಲದೆ ಗಾಡಿ ಯಾಕೆ.
ಆದ್ರೆ ಅದರ ಮೇಲೆ ಕಾಲು ಯಾರದ್ದು?"

ಉತ್ತರ ಮುಂದಿದೆಯೇನೋ ಅಂತ ತಿರುವಿದೆ.
ಏಳನೇ ಪುಟದಲ್ಲಿ ಅವನ ಸಾಲೇ ಇತ್ತು,
ಇಂಗ್ಲಿಷ್ ಅಕ್ಷರದಲ್ಲಿ, ಕೆಳಗೆ ಅನುವಾದ.
ಅನುವಾದದಲ್ಲಿ ಹೊಂಡ ಕೊಳವಾಗಿದೆ,
ಸ್ವಾಮಿ ಯಾವುದೋ ಮಠದ ಸ್ವಾಮಿಗಳಾಗಿದ್ದಾರೆ.
ಆದರೂ ನ್ಯಾಯಮೂರ್ತಿಗಳಿಗೆ ಮುಟ್ಟಿದೆ:
ಇದರಲ್ಲಿ ಕುಟುಕಿದೆ, ಕೇಡಿಲ್ಲ;
ರಸ್ತೆಯ ಮಾತನ್ನು ರಸ್ತೆಯಲ್ಲಿ ಆಡದೆ
ಇನ್ನೆಲ್ಲಿ ಆಡಬೇಕು ಪ್ರಜೆ?
"ಇನ್ನೊಂದ್ಸಲ" ಅಂದ. ಓದಿದೆ.
ಟೀಯವನೂ ಸ್ಟವ್ ಸಣ್ಣ ಮಾಡಿದ.

ಮೂರು ವರ್ಷ ಎರಡು ತಿಂಗಳು
ಎಪಿಎಂಸಿಯಲ್ಲಿ ಮೂಟೆ ಹೊತ್ತ ಹೆಗಲು ಅವನದು.
ಎಫ್ಐಆರಿನಲ್ಲಿ, ಮಹಜರಿನಲ್ಲಿ, ಆರೋಪಪಟ್ಟಿಯಲ್ಲಿ,
ಬರೆಯಬಾರದು ಎಂದವರೇ
ಆ ಸಾಲನ್ನು ಹದಿನಾಲ್ಕು ಸಲ ಬರೆದಿದ್ದಾರೆ. ನಾನೇ ಎಣಿಸಿದೆ.
ಆಟೋದ ಮೇಲೆ ಮಾತ್ರ ಇಲ್ಲ.
ಬಿಡಿಸಿಕೊಂಡು ಬಂದಾಗ ಸೀಟಿನಲ್ಲಿ ಇಲಿಗೂಡು,
ಬೆನ್ನಿಗೆ ದಪ್ಪ ಹಳದಿ ಬಣ್ಣ.
ಸಾಕ್ಷ್ಯಕ್ಕೆ ಬಣ್ಣ ಬಳಿದದ್ದಕ್ಕೆ ಯಾವ ಕಲಮೂ ಇಲ್ಲ.

ಸಂಜೆ ಮತ್ತೆ ಬಂದ, ಮುಖ ಸಣ್ಣಗಾಗಿತ್ತು.
ಪೇಂಟರ್ ದಸ್ತಗೀರ್ ಡಬ್ಬಿ ತೆರೆದು, ಮುಚ್ಚಿದನಂತೆ.
"ತೀರ್ಪು ನಿನ್ನ ಹೆಸರಿಗಿದೆ ಹುಚ್ರಾಯಪ್ಪ,
ನನ್ನ ಬ್ರಷ್ಷಿನ ಹೆಸರು ಎಲ್ಲಿದೆ ಅದರಲ್ಲಿ?"
ಹನ್ನೊಂದೂ ಪುಟ ಮತ್ತೆ ಹುಡುಕಿದೆ. ಇರಲಿಲ್ಲ.

"ನೀವೇ ಟೈಪು ಹೊಡೀರಿ, ದೊಡ್ಡ ಅಕ್ಷರ.
ಗಾಜಿಗೆ ಅಂಟಿಸ್ತೀನಿ." ಇಪ್ಪತ್ತು ರೂಪಾಯಿ ಮೇಜಿನ ಮೇಲಿಟ್ಟ.
ಹೊಂಡಕ್ಕೂ ಅಂತ ಹೊಡೆದೆ. ಹೆಸರಿಡಿ ಅಂತ ಹೊಡೆದೆ.
ಕೊನೆಯ ಚುಕ್ಕಿಯೂ ಬಿತ್ತು.
ಇನ್ನು ರೂಢಿಯಂತೆ ಪುಟದ ತಳದಲ್ಲಿ
ಬೆರಳಚ್ಚು ಮಾಡಿದವರು: ಎಂದು ಬರೆದು
ಅದರ ಮುಂದೆ
ನನ್ನ ಹೆಸರು.

ಅವನು ಕಾಯುತ್ತಿದ್ದ.
ಛಾಪಾಕಾಗದದವನು ಬಾಗಿಲೆಳೆಯುತ್ತಿದ್ದ.
ಮೇಜಿನಡಿ ಬಗ್ಗಿ ನೋಡಿದೆ:
ಚಪ್ಪಲಿ ಬಿಟ್ಟ ನನ್ನ ಬಲಗಾಲು
ನೆಲವನ್ನು ಬಲವಾಗಿ ಒತ್ತಿಕೊಂಡಿತ್ತು.