ನೂರ ಅರವತ್ತೊಂಬತ್ತು ಗಂಟೆ

ನುಮಿಯಾದ ವಿಮಾನದಲ್ಲಿ ಈ ಸಲ ಬಂದದ್ದು
ನಾಲ್ಕು ಟೈರು, ಪಾದ್ರಿಯ ಹೊಸ ಕನ್ನಡಕ,
ನಮ್ಮ ಪ್ರಿಂಟರಿಗೆ ಶಾಯಿ.
ಮೂರು ವಾರದಿಂದ ಅದರ ಹೊಟ್ಟೆ ಖಾಲಿ.
ಆದೇಶ ತಡವಾದದ್ದು ಅದಕ್ಕೇ,
ಬೇರೇನಲ್ಲ.

ಮಾತಾ-ಉತುವಿನ ಹಲಗೆಗೆ ಗೋಂದು ಹಚ್ಚುವವನು ನಾನು,
ಅತೆಲೆಮೊ, ಕಾರ್ಮಿಕ ಇಲಾಖೆ, ಎರಡನೇ ಮೇಜು.
ಎಡಗೈಯಲ್ಲಿ ಕಾಗದ, ಬಲಗೈಯಲ್ಲಿ ಬ್ರಶ್ಶು,
ಓದುತ್ತ ಓದುತ್ತ ಅಂಟಿಸುತ್ತೇನೆ:
ಸಾಗರದಾಚೆಯ ಈ ಪ್ರಾಂತ್ಯದಲ್ಲಿ
ತಿಂಗಳಿಗೆ ನೂರ ಅರವತ್ತೊಂಬತ್ತು ಗಂಟೆ ದುಡಿದವರಿಗೆ
ಇದಕ್ಕಿಂತ ಕಡಿಮೆ ಕೊಡತಕ್ಕದ್ದಲ್ಲ.

ಅಜ್ಜಿ ಇದ್ದಿದ್ದರೆ ಕೇಳುತ್ತಿದ್ದಳು,
ಯಾವ ದಡದಿಂದ ಆಚೆಯೋ?
ನಾವು ಇಲ್ಲೇ ಇದ್ದೇವಲ್ಲ.
ಆಚೆಗಿರುವವರು ಅವರು.

ನನ್ನ ಸಂಬಳದ ಲೆಕ್ಕವೇ ಬೇರೆ.
ಪ್ಯಾರಿಸಿನ ಗುಮಾಸ್ತನಿಗೆ ಎಷ್ಟೋ ಅಷ್ಟು,
ಅದರ ಮೇಲೆ ಅಷ್ಟೇ, ದೂರದ ಭತ್ಯೆ.
ಹುಟ್ಟಿದ ಮನೆಯಿಂದ ಕಚೇರಿಗೆ
ಆರುನೂರು ಹೆಜ್ಜೆ. ಮಳೆಗಾಲದಲ್ಲಿ
ಕೆಸುವಿನ ಮಡಿ ಬಳಸಿ ಹೋದರೆ ಏಳುನೂರು.

ತಂಗಿ ಫಲಾಕಿಕಾ ಬಂದರಿನ ಅಂಗಡಿಯಲ್ಲಿ ನೆಲ ಒರೆಸುತ್ತಾಳೆ.
ನಮ್ಮ ಏಳು ಜನರಲ್ಲಿ ಕನಿಷ್ಠಳು,
ಸಂಬಳದ ಚೀಟಿಯಲ್ಲೂ ಅದೇ ಪದ.
ಹುಟ್ಟಿದ ಸರದಿಯೇ ಬೆನ್ನಟ್ಟಿ ಬಂದು
ದುಡ್ಡಿನ ಸರದಿಯಾಗಿ ನಿಂತುಬಿಟ್ಟಿದೆ.

ಬಂದಳು. ಕೈಯಲ್ಲಿ ಫಿನಾಯಿಲಿನ ವಾಸನೆ.
ಎಷ್ಟು ಏರಿತಣ್ಣ?
ಹೇಳಿದೆ.
ಬೆರಳು ಮಡಚಿ ಎಣಿಸಿದಳು: ಎರಡು ಡಬ್ಬಿ ಮಾಂಸ,
ಅರ್ಧ ಡಬ್ಬಿ ಬೆಣ್ಣೆ.
ಆಮೇಲೆ ನಕ್ಕಳು, ಅದು ನಗುವೇ ಆಗಿದ್ದರೆ.
ನೀನು ಅಂಟಿಸೋಕೆ ಮೊದಲೇ ನಾನು ಅಂಟಿಸಿ ಆಯ್ತು,
ಬೆಳಿಗ್ಗೆ ಆರಕ್ಕೇ, ಡಬ್ಬಿಗಳ ಮೇಲೆ ಹೊಸ ಬೆಲೆ.
ನಿನ್ನ ಕಾಗದ ಇನ್ನೂ ಹಸಿ,
ನನ್ನದು ಒಣಗಿದೆ.

ಮತ್ತೆ ಚೀಟಿ ತೆಗೆದು ತೋರಿಸಿದಳು.
ನೂರಿಪ್ಪತ್ತು ಗಂಟೆ ಅಂತ ಬರೆದಿದೆ.
ಉಳಿದ ನಲವತ್ತೊಂಬತ್ತು?
ಹಡಗು ಬಂದ ರಾತ್ರಿಗಳು ಅವು. ಹಿಟ್ಟಿನ ಮೂಟೆ,
ಸಿಮೆಂಟು, ಟಾರ್ಚು ಹಿಡಿದು ಎಣಿಸುವ ಯಜಮಾನ,
ಅವನ ಬಾಯಲ್ಲಿ ಒಂದೇ ಮಾತು: ನಾವೆಲ್ಲ ಒಂದೇ ಮನೆಯವರಲ್ಲವೇ.
ಹೌದು, ಅಮ್ಮನ ಚಿಕ್ಕಪ್ಪನ ಮೊಮ್ಮಗ.
ಅಮ್ಮನ ಮಣ್ಣಿಗೆ ಎರಡು ಹಂದಿ ತಂದವನು.
ನಾನು ಮೂರು ತಂದಿದ್ದೆ. ಅವಳು ತಂದದ್ದು ಚಾಪೆ,
ನಾಲ್ಕು ತಿಂಗಳು ಹೆಣೆದದ್ದು, ಕೇದಗೆ ಗರಿಯದು.
ಅದರ ಗಂಟೆ ಯಾರೂ ಬರೆದಿಡಲಿಲ್ಲ.

ದೂರು ಕೊಡು ಅಂದೆ.
ಅರ್ಜಿ ನಮೂನೆ ನನ್ನ ಖಾನೆಯಲ್ಲೇ ಇದೆ,
ಹಳದಿ ಕಾಗದ, ಮೂರು ಪ್ರತಿ.

ಕೊಟ್ಟರೆ ಓದುವವರು ಯಾರು?

ಎರಡನೇ ಮೇಜು, ಅಂದೆ.

ಅವಳು ನನ್ನ ಮುಖ ನೋಡಲಿಲ್ಲ.
ಹವಳದ ದಿಬ್ಬದ ಕಡೆಯಿಂದ ಗಾಳಿ ಎದ್ದು
ಆದೇಶದ ಒಂದು ಮೂಲೆ ಎತ್ತಿತು.
ಅಂಗೈಯಿಂದ ಒತ್ತಿ ಹಿಡಿದಳು,
ನಾನು ಮತ್ತೆ ಬ್ರಶ್ಶು ಅದ್ದುವವರೆಗೆ.

ಗೋಂದು ಉಳಿದಿದ್ದರೆ ಕೊಡು, ಅಂದಳು,
ಚಪ್ಪಲಿಯ ಅಟ್ಟೆ ಬಿಟ್ಟಿದೆ.
ಇವತ್ತು ರಾತ್ರಿ ಹಡಗು.