ಹನ್ನೆರಡು ಪೌಂಡ್ ಅಕ್ಕಿ

ಜೂನ್ ಹದಿನೈದು. ನಡುರಾತ್ರಿ ದಾಟಿದ್ದೇ ತಡ
ಡ್ರಿಟಾಳ ಫೋನು ಏಳು ಸಲ ನಡುಗಿತಂತೆ,
ಅಫುವಾಳದ್ದು ನಾಲ್ಕು.
ಕಾಲೇಜಿನ ಕೋಚುಗಳ ಬಾಯಿಗೆ ಹಾಕಿದ್ದ ಬೀಗ
ತೆರೆಯುವ ರಾತ್ರಿ ಅದು.
ಅವರ ಬಳಿ ಅಂಕಿಯಿತ್ತು.
ಎರಡು ಸಾವಿರ ಮೀಟರು, ಇಷ್ಟು ನಿಮಿಷ, ಇಷ್ಟು ಸೆಕೆಂಡು,
ಯಂತ್ರವೇ ಬರೆದುಕೊಟ್ಟ ಜಾತಕ.
ನನ್ನ ಫೋನು ದಿಂಬಿನಡಿ ತಣ್ಣಗೆ ಮಲಗಿತ್ತು
ವೂಸ್ಟರಿನ ಮೂರಂತಸ್ತಿನ ಮರದ ಮನೆಯ
ಮೇಲಿನ ಕೋಣೆಯಲ್ಲಿ.

ನಾನು ಕಾಕ್ಸ್.
ದೋಣಿಯ ಬಾಲಕ್ಕೆ ಕೂತು ಚುಕ್ಕಾಣಿ ಹಿಡಿಯುವವಳು.
ಎಂಟು ಜನ ಬೆನ್ನು ಮಾಡಿಕೊಂಡೇ ಗುರಿಯತ್ತ ಹೋಗುತ್ತಾರೆ,
ಮುಂದೇನಿದೆ ಎಂದು ಕಾಣುವುದು ನನಗೊಬ್ಬಳಿಗೆ.
ಹುಟ್ಟು ಮಾತ್ರ ನನ್ನ ಕೈಯಲ್ಲಿಲ್ಲ.
ಹೀಗಂದರೆ ಅಮ್ಮ, ರಾತ್ರಿ ಪಾಳಿಯ ಕೋಟು ಕಳಚುತ್ತ,
‘ಯಾರ ಹುಟ್ಟು ಯಾರ ಕೈಯಲ್ಲಿತ್ತು ತಾಯಿ’ ಅನ್ನುತ್ತಾಳೆ.

ಯುಗಾದಿ ಊಟಕ್ಕೆ ಸಿಕ್ಕ ಗಿರಿಜಾಂಬಾ ಆಂಟಿ
‘ಮೂರ್ತಿ ಚಿಕ್ಕದಾದರೂ...’ ಎಂದು ನಿಲ್ಲಿಸಿದರು
ಕೀರ್ತಿಯ ಪಾಲನ್ನು ನಾನೇ ಹೇಳಲಿ ಎಂಬಂತೆ.
ಹೇಳಲಿಲ್ಲ. ಹೋಳಿಗೆ ಬಾಯಲ್ಲಿತ್ತು.

ನೂರಹತ್ತು ಪೌಂಡ್ ಇರಬೇಕು ಕಾಕ್ಸ್.
ನಾನು ತೊಂಬತ್ತೆಂಟು.
ಕಡಿಮೆ ಬಿದ್ದಷ್ಟು ಮರಳು ಹೊತ್ತು ಕೂರಬೇಕು
ಮಡಿಲಲ್ಲಿ, ಸತ್ತ ಭಾರ.
ಮೊದಲ ಪಂದ್ಯದ ದಿನ ಮರಳಿನ ಚೀಲ ಮರೆತೆವು.
ಅಮ್ಮ ಕಾರಿನ ಡಿಕ್ಕಿ ತೆಗೆದಳು,
ಶ್ರೂಸ್‌ಬರಿಯ ಅಂಗಡಿಯಿಂದ ಬೆಳಿಗ್ಗೆಯಷ್ಟೇ ತಂದ ಸೋನಾ ಮಸೂರಿ,
ತಕ್ಕಡಿಯ ಮುಂದೆ ಹಿಡಿಹಿಡಿಯಾಗಿ ಸುರಿದು, ತೆಗೆದು, ಮತ್ತೆ ಸುರಿದು
ಹನ್ನೆರಡಕ್ಕೆ ತಂದಳು.
ಟೋಪಿಯ ಅಧಿಕಾರಿ ನೋಡಿದ, ನೋಡಿದ, ಸಹಿ ಹಾಕಿದ.
ಕ್ವಿನ್ಸಿಗಮಂಡ್ ಕೆರೆಯ ಏಪ್ರಿಲ್ ನೀರು ಕುಡಿದ ಆ ಅಕ್ಕಿ
ಅನ್ನವಾಗಲಿಲ್ಲ ಮತ್ತೆ.
ಚೀಲದೊಳಗೇ ಮುಗ್ಗಿತು. ನಾವು ಮೂರನೆಯವರಾದೆವು.

ಹತ್ತೊಂಬತ್ತು ಕೋಚುಗಳಿಗೆ ಬರೆದೆ.
ಮೂವರು ಉತ್ತರಿಸಿದರು, ಒಬ್ಬಳು ಕೇಳಿದಳು:
ದನಿ ಕಳಿಸು.
ಪೂರ್ತಿ ಪಂದ್ಯ, ಮೊದಲಿಂದ ಕೊನೆಯವರೆಗೆ.

ನನ್ನ ದನಿಯನ್ನು ನಾನೇ ಮೊದಲ ಸಲ ಕೇಳಿದ್ದು ಆವತ್ತು.
ಯಾರೋ ಬೀದಿಜಗಳದ ಹೆಂಗಸು.
ಒಂಬತ್ತನೇ ಹೆದ್ದಾರಿಯ ಸೇತುವೆ ಕಡೆಯಿಂದ ಗಾಳಿ,
ಹುಟ್ಟುಗಳು ಒಟ್ಟಿಗೆ ಕಚ್ಚುವ, ಬಿಡುವ ಸದ್ದು,
ನಾಲ್ಕನೇ ನಿಮಿಷಕ್ಕೆ ಢಬ್,
ಬುರುಡೆ ಗುದ್ದಿದ್ದು, ಅಂದರೆ ತೇಲುಬುರುಡೆ,
ಮರಿಸೋಲಳ ಒಂದು ಬೈಗುಳ,
ಆಮೇಲೆ ನಾನು ಇಲ್ಲ.
ಒಂದು ಎಳೆತ. ಎರಡು. ಮೂರು.
ಆಮೇಲೆ: ತಪ್ಪು ನನ್ನದು. ಮುಂದಿನ ಹತ್ತು ನಮ್ಮವು.

ಕತ್ತರಿಸಿದೆ. ಹೊಲಿಗೆ ಕಾಣದ ಹಾಗೆ ಅಂಟಿಸಿ ಕಳಿಸಿದೆ.
ಎರಡು ರಾತ್ರಿ ನಿದ್ದೆ ಬರಲಿಲ್ಲ.
ಮೂರನೆಯ ಬೆಳಿಗ್ಗೆ ಇಡಿಯದನ್ನು ಕಳಿಸಿ
ಬರೆದೆ: ಮೊದಲು ಕಳಿಸಿದ್ದು ನಾನಲ್ಲ.

ಹನ್ನೊಂದು ದಿನ ಬಿಟ್ಟು ಫೋನು.
ಲಾಂಡ್ರಿಯಲ್ಲಿದ್ದೆ, ಒದ್ದೆ ಚಾದರ ಕಂಕುಳಲ್ಲಿ,
ಸುತ್ತ ಗಿರಗಿರ ತಿರುಗುವ ಗಾಜಿನ ಕಣ್ಣುಗಳು.
‘ನಾಲ್ಕನೇ ನಿಮಿಷ. ಮೂರು ಎಳೆತ ಸುಮ್ಮನಿದ್ದೆ.
ಏನು ಮಾಡ್ತಿದ್ದೆ?’
ದೋಣಿಯನ್ನು ಆಲಿಸುತ್ತಿದ್ದೆ ಅನ್ನಬಹುದಿತ್ತು,
ಒಳ್ಳೆಯ ಕಾಕ್ಸುಗಳು ಹಾಗೇ ಅನ್ನುತ್ತಾರೆ.
‘ಹೆದರಿದ್ದೆ’ ಅಂದೆ.

ಈಗ ಅವಳು ಸುಮ್ಮನಾದಳು.
ಎಣಿಸಿದೆ, ಅಭ್ಯಾಸಬಲ: ಒಂದು. ಎರಡು. ಮೂರು. ನಾಲ್ಕು.
‘ಸೆಪ್ಟೆಂಬರಿನಲ್ಲಿ ಬಂದು ನಮ್ಮ ನದಿ ನೋಡು.
ತೂಕ ಎಷ್ಟು?’

ತೊಂಬತ್ತೆಂಟು, ಅಂದೆ.
ಉಳಿದದ್ದನ್ನು ಹೊತ್ತು ತರುತ್ತೇನೆ.