ಭರಿಸತಕ್ಕದ್ದು

ಮೂವತ್ತೊಂದು ವರ್ಷ ಗದಗಿನ ಛಾಪಖಾನೆಯಲ್ಲಿ
ಪಂಚಾಂಗ, ಪಠ್ಯಪುಸ್ತಕ, ಲಗ್ನಪತ್ರಿಕೆ,
ಸತ್ತವರ ದಿನಕರ್ಮದ ಕಾರ್ಡು,
ಎಲ್ಲದರ ಕರಡು ತಿದ್ದಿದ ಕಣ್ಣು ಇದು.
ಒಂದು ಒತ್ತು ತಪ್ಪಿದರೆ ಊಟ ಸೇರುತ್ತಿರಲಿಲ್ಲ ನನಗೆ.

ಈಗ ಹುಬ್ಬಳ್ಳಿಯ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ
ಸಲೋಮಿ ಮುಂದಿಟ್ಟಿದ್ದಾಳೆ
ಇಪ್ಪತ್ತಾರು ಪುಟದ ಸಮ್ಮತಿಪತ್ರ.
"ಔಷಧ ಪುಕ್ಕಟೆರೀ ಕಾಕಾ, ಹೊಸದು. ಓದಿ ಸಹಿ ಮಾಡ್ರಿ."
ಎಲ್ಲರೂ ಸಹಿಯ ಪುಟಕ್ಕೇ ಹಾರುತ್ತಾರಂತೆ.
ನಾನು ಕಿಸೆಯಿಂದ ಕೆಂಪು ಪೆನ್ನು ತೆಗೆದೆ.

ಪುಟ ನಾಲ್ಕು. 'ಸಂಶೋದನೆ.'
ದಕಾರದ ಹೊಟ್ಟೆ ಸೀಳಿ ಮಹಾಪ್ರಾಣ ಮಾಡಿದೆ.
(ಹೋದ ಶ್ರಾವಣದಲ್ಲಿ ನನ್ನ ಹೊಟ್ಟೆಯನ್ನೂ ಸೀಳಿದ್ದರು,
ಮಹಾಪ್ರಾಣವೇನೂ ಬಂದಿರಲಿಲ್ಲ.)
ಪುಟ ಒಂಬತ್ತು. ಅಡ್ಡಪರಿಣಾಮಗಳು:
ಸುಸ್ತು, ಕೂದಲು ಉದುರುವುದು, ಶಾಂತಿ.
ವಾಂತಿ ಆಗಬೇಕಿತ್ತು.
ನೀಲವ್ವಗೆ ತೋರಿಸಿದೆ. ಬಾಯಿಗೆ ಸೆರಗಿಟ್ಟು ನಕ್ಕಳು,
ಆರು ತಿಂಗಳ ಮೇಲೆ.

ಪುಟ ಹದಿನೇಳರಲ್ಲಿ ತಪ್ಪು ಒಂದೂ ಇರಲಿಲ್ಲ.
ಅಲ್ಲೇ ಪೆನ್ನು ನಿಂತಿತು.
'ಪ್ರಯೋಗದ ಪರೀಕ್ಷೆಗಳ ವೆಚ್ಚವನ್ನು ಪ್ರಾಯೋಜಕರು,
ವಾಡಿಕೆಯ ಆರೈಕೆಯ ವೆಚ್ಚವನ್ನು ರೋಗಿ ಅಥವಾ ರೋಗಿಯ ವಿಮೆ
ಭರಿಸತಕ್ಕದ್ದು.'
ಚೀಲದೊಳಗಿನ ಪಾಲಿಸಿ ತೆಗೆದು ಪಕ್ಕಕ್ಕಿಟ್ಟೆ,
ಮೂಲಪ್ರತಿಗೆ ಕರಡು ಹಿಡಿದು ನೋಡುವ ಹಾಗೆ.
ಅದರ ಇರುವೆಯಕ್ಷರದಲ್ಲಿ:
'ಪ್ರಾಯೋಗಿಕ ಚಿಕಿತ್ಸೆಗೆ ಸಂಬಂಧಿಸಿದ ಯಾವ ವೆಚ್ಚವನ್ನೂ
ಭರಿಸಲಾಗುವುದಿಲ್ಲ.'
ಎರಡೂ ವಾಕ್ಯ ಶುದ್ಧ. ವಿಭಕ್ತಿ ಸರಿ, ಕ್ರಿಯಾಪದ ಸರಿ.
ನಡುವೆ ಬಿಟ್ಟ ಜಾಗದಲ್ಲಿ ನಾನು ಕೂತಿದ್ದೆ.

"ಆರು ವಾರಕ್ಕೊಂದು ಸ್ಕ್ಯಾನ್ ಅಂತೀರಿ.
ಮೊದಲಿನ ಡಾಕ್ಟರು ಮೂರು ತಿಂಗಳಿಗೊಂದು ಅಂದಿದ್ರು.
ಹಂಗಾರ ಯಾವ ಸ್ಕ್ಯಾನ್ ಪ್ರಯೋಗ, ಯಾವುದು ವಾಡಿಕೆ ತಂಗೀ?
ಅದೇ ಮಷೀನು, ಅದೇ ಹೊಟ್ಟಿ."
ಸಲೋಮಿ ಪೆನ್ಸಿಲ್ ಕಚ್ಚಿದಳು. ಎಲ್ಲೆಲ್ಲಿಗೋ ಫೋನು ಹಚ್ಚಿದಳು.
"ವಿಮಾದವರು ಬರದು ಕೊಡೂತನಕ ಸಹಿ ಬ್ಯಾಡ್ರಿ ಕಾಕಾ."
ಸಹಿ ಬೇಡ ಅಂದವಳು ಅವಳೊಬ್ಬಳೇ.

ಹದಿನೆಂಟನೇ ದಿನ ಉತ್ತರ ಬಂತು.
ಒಂದು ಬಿಟ್ಟು ಒಂದು ಸ್ಕ್ಯಾನಿಗೆ ಹೂಂ. ರಕ್ತಕ್ಕೆ ಹೂಂ.
ಅಡ್ಡಪರಿಣಾಮವಾಗಿ ಮಲಗಿದರೆ ಆ ಹಾಸಿಗೆಗೆ
'ಪರಿಶೀಲನೆಯಲ್ಲಿದೆ.'
ರೈಲಿನ ಚೀಟಿ, ಇಬ್ಬರದೂ, ಪ್ರಾಯೋಜಕರದು.
ನೀಲವ್ವ ಖಾನಾವಳಿಗೆ ದಿನಕ್ಕೆ ನೂರೈವತ್ತು ರೊಟ್ಟಿ ಬಡಿಯುತ್ತಾಳೆ,
ಬಡಿಯದೆ ಹೋದ ರೊಟ್ಟಿಗೆ ಯಾವ ಪುಟದಲ್ಲೂ ಅಂಕಣವಿಲ್ಲ.
ಭರಿಸು ಅಂದರೆ ದುಡ್ಡು ಕೊಡು.
ಭರಿಸು ಅಂದರೆ ತಾಳಿಕೋ.
ಅಂಚಿನಲ್ಲಿ, ಇಲ್ಲಿ ಏನೋ ಬಿಟ್ಟುಹೋಗಿದೆ ಎನ್ನುವ
ನಮ್ಮ ಛಾಪಖಾನೆಯ ಗುರುತು ಹಾಕಿ
ಸಹಿ ಮಾಡಿದೆ.

ಮೊದಲ ಡೋಸಿನ ಸಂಜೆ, ರೈಲು ಅಣ್ಣಿಗೇರಿ ದಾಟುತ್ತಲೇ
ಕಿಟಕಿಯ ಸರಳಿಗೆ ಹಣೆ ಒತ್ತಿದೆ.
ಹೊರಗೆ ಕರಿ ಎರೆ, ಹೂ ಹಿಡಿದ ಕಡಲೆ.
ನೀಲವ್ವ ಮಡಚಿ ತಂದ ಪ್ಲಾಸ್ಟಿಕ್ ಚೀಲ ಬಿಚ್ಚಿ,
ಬೆನ್ನು ಸವರುತ್ತ, ಮೆಲ್ಲಗೆ ಕೇಳಿದಳು:
"ಶಾಂತಿ ಬಂತೇನ್ರಿ?"